ಮದ್ದಿನ ಹದಕ್ಕೊಂದು ವಾಷಿಂಗ್ ಮಷೀನ್

ಮೊಂಟಾನಾದ ಗೋಧಿ ಬಯಲಿನ ನಡುವೆ ಸ್ಟೋನಿಫೋರ್ಡ್ ಎಂಬ ಊರಿದೆ. ಅಲ್ಲಿನ ಟೈರ್ ಅಂಗಡಿಯಲ್ಲಿ ಪಂಕ್ಚರ್ ಹಾಕುವ ವೆಂಡೆಲ್ ಹೌಗೆನ್‌ಗೆ ಊರಲ್ಲಿದ್ದ ಮರ್ಯಾದೆ ಸ್ಟೆಪ್ನಿ ಟೈರಿಗೆ ಇರುವಷ್ಟೇ: ದಾರಿಯಲ್ಲಿ ಕೈಕೊಟ್ಟಾಗ ನೆನಪಾಗಬೇಕು, ಉಳಿದ ಹೊತ್ತು ಡಿಕ್ಕಿಯಲ್ಲಿ ತೆಪ್ಪಗೆ ಬಿದ್ದಿರಬೇಕು. ವರ್ಲ್ ಟಾಲೆಫ್ಸನ್‌ನ ಮಗಳು ಮಾರ್ಲಿಸ್‌ಳನ್ನು ಮದುವೆಯಾದ ಮೇಲಾದರೂ ಡಿಕ್ಕಿಯಿಂದ ಹೊರಬರಬಹುದೆಂದು ಅವನು ನಂಬಿದ್ದ. ಬರಲಿಲ್ಲ.

ವರ್ಲ್ ಊರಿನ ರೈಫಲ್ ತಂಡದ ನಾಯಕ. ಆ ವರ್ಷ ತಂಡದ ಮುದುಕನೊಬ್ಬನ ಕಣ್ಣು ಮಂಜಾಗಿ ಒಂದು ಜಾಗ ಖಾಲಿ ಬಿತ್ತು. ವೆಂಡೆಲ್‌ಗೆ ಆ ಜಾಗ ಬೇಕಿತ್ತು. ಗುರಿ ಅವನಿಗೆ ಪರವಾಗಿಲ್ಲ ಎನ್ನುವಷ್ಟು ಇತ್ತು. ಆದರೆ ತಂಡದಲ್ಲಿ ಅಂಗಡಿಯಿಂದ ಕೊಂಡ ತೋಟಾ ಹೊಡೆಯುವವರಿಲ್ಲ. ಅವರವರ ತೋಟಾಕ್ಕೆ ಕೋವಿಮದ್ದು ಅವರವರೇ ತುಂಬಿಕೊಳ್ಳಬೇಕು. ಜಾಗ ಕೇಳುವವನು ಹಿರಿಯರೆದುರು ಹತ್ತು ಸಲ ಮದ್ದು ಅಳೆದು ತೋರಿಸಬೇಕು, ಹತ್ತೂ ತಕ್ಕಡಿಯಲ್ಲಿ ಒಂದೇ ತೂಗಬೇಕು. ಒಂದು ತಪ್ಪಿದರೂ ಮನೆಗೆ.

ಅಳೆಯುವ ಯಂತ್ರವೇನೋ ಸರಳ. ಮೇಲಿನ ಕೊಳವೆಗೆ ಮದ್ದು ತುಂಬುವುದು, ಪಕ್ಕದ ಹಿಡಿಯನ್ನು ಎತ್ತಿ ಇಳಿಸುವುದು, ಕೆಳಗಿನ ಬಟ್ಟಲಿಗೆ ಒಂದು ಅಳತೆ ಬೀಳುವುದು. ಆದರೆ ಎತ್ತುವ ವೇಗ, ಇಳಿಸುವ ವೇಗ, ಕೊನೆಯಲ್ಲಿ ಟಕ್ಕೆನ್ನುವ ಏಟು, ಎಲ್ಲವೂ ಪ್ರತಿ ಸಲ ಒಂದೇ ಥರ ಇರಬೇಕು. ವೆಂಡೆಲ್ ಹಿಡಿಯನ್ನು ಜಾಕ್ ಎತ್ತುವವನಂತೆ ಎಳೆಯುತ್ತಿದ್ದ. ಒಂದು ಅಳತೆ ಹಗುರ, ಮುಂದಿನದು ಭಾರ. ಕಾಫಿ ಬಿಟ್ಟು ನೋಡಿದ. ಕೈ ಇನ್ನೂ ನಡುಗಿತು. ಉಸಿರು ಬಿಗಿಹಿಡಿದು ನೋಡಿದ. ಕಣ್ಣಿಗೆ ಕತ್ತಲೆ ಕವಿದು ಮೇಜಿಗೆ ಹಣೆ ಬಡಿದುಕೊಂಡ.

ಒಂದು ಶನಿವಾರ ಮಾರ್ಲಿಸ್ ನೆಲಮಾಳಿಗೆಯಲ್ಲಿ ಹಳೇ ವಾಷಿಂಗ್ ಮಷೀನಿಗೆ ಒದ್ದೆ ಕಂಬಳಿ ತುರುಕಿ ಹಿಂಡಲು ಬಿಟ್ಟಳು. ಭಾರವೆಲ್ಲ ಒಂದೇ ಕಡೆ ಸರಿದು ಮಷೀನು ಧಡ್ ಧಡ್ ಎಂದು ಕುಟ್ಟತೊಡಗಿತು. ಪಕ್ಕದಲ್ಲೇ ಕೂತು ಮದ್ದು ಅಳೆಯುತ್ತಿದ್ದ ವೆಂಡೆಲ್‌ನ ಅಳತೆಗಳೆಲ್ಲ ಒಂದೇ ತೂಕ!

"ನೋಡಿದ್ಯಾ! ಈ ಅದುರಾಟಕ್ಕೆ ಮದ್ದು ಸಮನಾಗಿ ಕೂತ್ಕೊಳ್ತಿದೆ!"

"ಮದ್ದಲ್ಲ ಕಣೋ, ನಿನ್ನ ಕೈ ಅದರ ತಾಳಕ್ಕೆ ಬಿದ್ದಿದೆ. ಯಾರಾದ್ರೂ ತಮಟೆ ಹೊಡೆದ್ರೂ ಸಾಕು ನಿಂಗೆ," ಎಂದಳು ಮಾರ್ಲಿಸ್.

ಯಾವುದಾದರೇನು! ಅಂದಿನಿಂದ ಅಭ್ಯಾಸಕ್ಕೆಂದು ಒಗೆದದ್ದನ್ನೇ ಒಗೆದ. ಪರದೆ ಒಗೆದ, ಕಾಲೊರಸು ಒಗೆದ, ನಾಯಿಯ ಹಾಸಿಗೆ ಒಗೆದ. ಅಂಗಿಗಳ ಬಣ್ಣ ಹೋಗಿ ಟೈರ್ ಅಂಗಡಿಗೆ ಪಾದ್ರಿಯ ಹಾಗೆ ಬೆಳ್ಳಗೆ ಹೋಗುತ್ತಿದ್ದ. ಪರೀಕ್ಷೆಯ ದಿನ ಮಾರ್ಲಿಸ್‌ಳ ತಾಳ್ಮೆ ಮುಗಿದಿತ್ತು. "ಮಷೀನ್ ಬೇಕಾದ್ರೆ ಹೊತ್ಕೊಂಡ್ ಹೋಗು. ಬಟ್ಟೆ ಮಾತ್ರ ಒಂದು ಕಾಲುಚೀಲಾನೂ ಕೊಡಲ್ಲ."

ಮಾವನ ಗ್ಯಾರೇಜಿನಲ್ಲಿ ವರ್ಲ್ ಮತ್ತು ತಂಡದ ಹಿರಿಯ ಓರಿನ್ ತಕ್ಕಡಿಯೆದುರು ಕಾಫಿ ಕುಡಿಯುತ್ತಿದ್ದರು. ವೆಂಡೆಲ್ ಪಿಕಪ್‌ನಿಂದ ಮಷೀನನ್ನು ಉರುಳಿಸಿಕೊಂಡು ಬಂದ.

"ಏನಪ್ಪಾ ಇದು? ನನ್ ಮಗಳು ಮನೆಯಿಂದ ಓಡಿಸಿದ್ಲಾ?" ಎಂದ ವರ್ಲ್.

"ಇಲ್ಲ ಮಾವ, ಅಭ್ಯಾಸ. ಒಂದ್ ಸ್ವಲ್ಪ ನಲ್ಲಿ ಪೈಪ್ ಕೊಡಿ. ಆಮೇಲೆ... ನಿಮ್ಮ ಜಾಕೆಟ್ಟು."

"ನನ್ ಜಾಕೆಟ್ ಯಾಕೆ?"

"ಭಾರ ಒಂದು ಕಡೆಗೆ ವಾಲಬೇಕು ಮಾವ. ಇಲ್ಲಾಂದ್ರೆ ಕುಟ್ಟಲ್ಲ."

ಓರಿನ್ ನಗುನಗುತ್ತಲೇ ತನ್ನ ಕ್ಯಾನ್ವಾಸ್ ಕೋಟು ಬಿಚ್ಚಿಕೊಟ್ಟ. "ಕೊಡೋ ವರ್ಲ್. ಮಷೀನ್ ತರಬಾರದು ಅಂತ ನಿಯಮ ಎಲ್ಲಿದೆ? ಅದೂ ಅಲ್ದೆ, ನಿನ್ ಜಾಕೆಟ್ ನೀರು ಕಂಡು ಎಷ್ಟು ವರ್ಷ ಆಯ್ತು?"

ವರ್ಲ್ ಗೊಣಗುತ್ತ ಉಣ್ಣೆಯ ಜಾಕೆಟ್ ಕಳಚಿದ. ಇಬ್ಬರು ಮುದುಕರು ಬರೀ ಅಂಗಿಯಲ್ಲಿ ಚಳಿಗೆ ಕೈಕಟ್ಟಿ ನಿಂತರು. ಮಷೀನು ಕುಡಿಯಿತು, ಕಲಕಿತು, ಕಕ್ಕಿತು, ಕೊನೆಗೆ ಕುಟ್ಟತೊಡಗಿತು. ಧಡ್, ಎತ್ತು. ಧಡ್, ಇಳಿಸು. ಓರಿನ್ ತೂಗಿದ. "ಸರಿ ಇದೆ." ಮತ್ತೊಂದು. "ಇದೂ ಸರಿ." ವರ್ಲ್ ಕನ್ನಡಕ ಒರೆಸಿಕೊಂಡು ತಾನೇ ಬಗ್ಗಿ ನೋಡಿದ. ತಪ್ಪು ಸಿಗಲಿಲ್ಲ.

ಒಂದೇ ಒಂದು ಅಳತೆ ಉಳಿದಿತ್ತು. ಆಗ ಮಷೀನು ಹೊರಟಿತು. ಉಣ್ಣೆ ಅಷ್ಟು ನೀರು ಕುಡಿಯುತ್ತದೆಂದು ವೆಂಡೆಲ್ ಲೆಕ್ಕ ಹಾಕಿರಲಿಲ್ಲ. ನುಣುಪಾದ ಸಿಮೆಂಟ್ ನೆಲದ ಮೇಲೆ ಅದು ಕುಪ್ಪಳಿಸುತ್ತ ಬಾಗಿಲ ಕಡೆ ನಡೆಯಿತು. ಹಿಂದೆ ವೈರು ಬಿಗಿಯಾಗುತ್ತ ಬಂತು. ಇನ್ನೊಂದು ಹೆಜ್ಜೆ ಇಟ್ಟರೆ ಪ್ಲಗ್ ಕಿತ್ತುಬರುತ್ತದೆ, ತಾಳ ನಿಲ್ಲುತ್ತದೆ, ಕೈ ಮತ್ತೆ ಜಾಕ್ ಎತ್ತುವ ಕೈಯಾಗುತ್ತದೆ. ಹಿಡಿ ಬಿಟ್ಟು ಓಡುವಂತಿಲ್ಲ. ವೆಂಡೆಲ್ ಮಾವನ ಮುಖ ನೋಡಿದ. ಮಷೀನಿಗೆ ಹತ್ತಿರ ಇದ್ದವನು ಮಾವನೊಬ್ಬನೇ. ಸುಮ್ಮನೆ ನಿಂತಿದ್ದರೆ ಸಾಕಿತ್ತು. ಅಳಿಯ ತಾನಾಗಿಯೇ ಡಿಕ್ಕಿಗೆ ವಾಪಸ್ಸು.

ವರ್ಲ್ ವೈರು ನೋಡಿದ. ಬಟ್ಟಲು ನೋಡಿದ. "ಥತ್!" ಎಂದವನೇ ಎಗರಿ ಮಷೀನಿನ ಮೇಲೆ ಕೂತುಬಿಟ್ಟ.

ಅವನ ಭಾರಕ್ಕೆ ಮಷೀನು ಅಲ್ಲೇ ನಿಂತು ಕುಟ್ಟಿತು. ಹೊಟ್ಟೆ, ಗಲ್ಲ, ಕನ್ನಡಕ ಎಲ್ಲ ಒಂದೊಂದು ದಿಕ್ಕಿಗೆ ಕುಣಿದವು.

"ಎ-ಎಳೆಯೋ! ಏ-ಏನ್ ನೋ-ನೋಡ್ತಿದ್ದೀಯಾ!"

ಧಡ್, ಎತ್ತಿದ. ಧಡ್, ಇಳಿಸಿದ. ಓರಿನ್ ತಕ್ಕಡಿಯ ಮುಳ್ಳು ನಿಲ್ಲುವವರೆಗೂ ಉಸಿರಾಡಲಿಲ್ಲ. "ಅದೇ ತೂಕ!"

"ಬು-ಬುಧವಾರ ಬಾ," ಎಂದ ವರ್ಲ್. "ತಂ-ತಂಡದ ಜೊ-ಜೊತೆ ಅಭ್ಯಾಸಕ್ಕೆ."

ಪ್ಲಗ್ ಕಿತ್ತರೆ ಮಾವನ ಕುಣಿತ ಆ ಕ್ಷಣವೇ ನಿಲ್ಲುತ್ತಿತ್ತು. ಅದು ವೆಂಡೆಲ್‌ನ ಕೈಗೆಟಕುವಷ್ಟು ಹತ್ತಿರದಲ್ಲೇ ಇತ್ತು. ಅವನು ಬಟ್ಟಲನ್ನು ನಿಧಾನವಾಗಿ ಮೇಜಿನ ಮೇಲಿಟ್ಟು, ಕಿವಿಗೆ ಕೈ ಒಡ್ಡಿದ.

"ಏನಂದ್ರಿ ಮಾವ? ಈ ಸದ್ದಿಗೆ ಸರಿಯಾಗಿ ಕೇಳಿಸ್ಲಿಲ್ಲ. ಇನ್ನೊಂದ್ಸಲ ಹೇಳಿ."