ನಿಂತ ಗಾಡಿಯ ಆರು ಆಂಪಿಯರ್

ಸಿಟ್ಟು ಬಂದಾಗ ನಾನು ಕೂಗುವವಳಲ್ಲ. ತಂತಿಗಳ ತುದಿಯನ್ನು ಒಂದೇ ಅಳತೆಗೆ ಕತ್ತರಿಸುತ್ತ ಕೂಡುತ್ತೇನೆ. ಈ ಬೇಸಿಗೆಯಲ್ಲಿ ನಮ್ಮ ಪಡಸಾಲೆಯಲ್ಲಿ ಬಿದ್ದ ತಂತಿಯ ಚೂರುಗಳನ್ನು ಕಂಡವರು, ಇವರು ಯಾವುದೋ ಹೊಸ ಕಾಳು ಹಸನು ಮಾಡುತ್ತಿದ್ದಾರೆ ಅಂದುಕೊಂಡಿರಬೇಕು. ಅಷ್ಟೂ ಸಿಟ್ಟು ಒಂದು ಅಂಕಿಯ ಮೇಲೆ. ಆರು.

ಮೊದಲು ಅತ್ತೆಯ ವಿಷಯ ಹೇಳಬೇಕು. ಅತ್ತೆ ಎಂದರೆ ಅಪ್ಪನ ತಂಗಿ. ಚಿಕ್ಕಂದಿನಿಂದ ಅವಳ ಕಾಲುಗಳಲ್ಲಿ ಬಲವಿಲ್ಲ. ಸಿಂದಗಿಯ ಅರ್ಧ ಊರಿನ ಕುಪ್ಪಸ ಹೊಲಿಯುತ್ತಾಳೆ. ಕೈಯಿಂದ ತಿರುಗಿಸಿ ನಡೆಸುವ ಮೂರು ಗಾಲಿಯ ಗಾಡಿ ಅವಳದು. ಊರಿನ ಆ ತುದಿಯಲ್ಲಿರುವ ಹೊಲಿಗೆ ತರಬೇತಿ ಕೇಂದ್ರದವರು ಈಗ ಅವಳನ್ನು ಕಲಿಸಲು ಕರೆದಿದ್ದರು. ನಡುವೆ ಒಂದು ಏರು. ಕೈಯಿಂದ ಅದನ್ನು ಹತ್ತಿಸಲು ಆಗದು. ಅಪ್ಪನ ತಮ್ಮ, ನಮ್ಮ ಕಾಕಾ, ತನ್ನ ಬೈಕಿನ ಮೇಲೆ ಬಿಟ್ಟು ಬರಬೇಕು. ಕಾಕಾನಿಗೆ ಬಿಡುವಿದ್ದರೆ ಮಾತ್ರ ಅತ್ತೆಗೆ ಊರು. ಗಾಡಿಗೆ ಮೋಟರ್ ಹಾಕುತ್ತೇನೆ ಎಂದಾಗ ಅವನು ನನಗೆ ಸ್ಪಷ್ಟವಾಗಿಯೇ ಹೇಳಿದ್ದ: “ಸೋಮವಾರ ನಿನ್ನ ಗಾಡಿ ಏರು ಹತ್ತಿದ್ರ ಹೋಗಲಿ. ಇಲ್ಲಾಂದ್ರ ಕೆಲಸ ಬ್ಯಾಡ ಅಂತ ಹೇಳಿ ಕಳಸೂಣು. ದಿನಾ ಬಿಟ್ಟು ಬರಾಕ ನನಗ ಆಗೂದಿಲ್ಲ.”

ನಾನು ದೇವರ ಹಿಪ್ಪರಗಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಇಂಡಿ ಊರಿನ ಗುಜರಿ ಅಂಗಡಿಯಿಂದ ಒಂದು ಮೋಟರ್ ತಂದು ಗಾಡಿಗೆ ಕೂಡಿಸಿದೆ. ಅದನ್ನು ಹಿಡಿತದಲ್ಲಿಡುವ ಕಂಟ್ರೋಲರನ್ನು ನಾನೇ ಮಾಡಿ, ಡಬ್ಬಿಯಲ್ಲಿಟ್ಟು, ಸೀಟಿನ ಪಕ್ಕಕ್ಕೆ ಬಿಗಿದೆ. ಕರೆಂಟು ಇಪ್ಪತ್ತು ಆಂಪಿಯರ್ ದಾಟಿದರೆ ಅದು ಮೋಟರನ್ನು ನಿಲ್ಲಿಸುತ್ತದೆ, ಇಲ್ಲವಾದರೆ ಮೋಟರ್ ಸುಟ್ಟೀತು. ನಿಲ್ಲಿಸಬೇಕಾದರೆ ಅಳೆಯಬೇಕಲ್ಲ? ಅಳೆಯುವುದು ಉಗುರಿನಷ್ಟು ದೊಡ್ಡ ಒಂದು ಸೆನ್ಸರ್. ಕರೆಂಟು ಹರಿದಾಗ ಸುತ್ತಲೂ ಹುಟ್ಟುವ ಅಯಸ್ಕಾಂತದ ಬಲವನ್ನು ಅದು ಗ್ರಹಿಸಿ ಡಬ್ಬಿಯ ಪುಟ್ಟ ಪರದೆಯಲ್ಲಿ ಅಂಕಿ ತೋರಿಸುತ್ತದೆ. ಈ ಪಾಠವನ್ನು ಪ್ರತಿವರ್ಷ ಮಾಡುತ್ತೇನೆ. ನೀವು ಈ ವಾಕ್ಯ ನೆನಪಿಟ್ಟುಕೊಳ್ಳಿ. ನಾನು ಇಟ್ಟುಕೊಳ್ಳಲಿಲ್ಲ.

ಮೇಜಿನ ಮೇಲೆ ಅಂಕಿ ಸೊನ್ನೆ. ಖಾಲಿ ಗಾಡಿಯಲ್ಲೂ ಸೊನ್ನೆ. ಅತ್ತೆ ತನ್ನ ಹೊಲಿಗೆಯ ಚೀಲವನ್ನು ಸೀಟಿಗೆ ತೂಗುಹಾಕಿ ಕೂತಳೋ, ಮೋಟರ್ ಅಲುಗದಿದ್ದರೂ ಆರು. ಏರಿಗೆ ನಿಜವಾಗಿ ಬೇಕಾದದ್ದು ಹದಿನೈದು. ಈ ಸುಳ್ಳು ಆರು ಸೇರಿ ಇಪ್ಪತ್ತೊಂದು. ಮೊದಲ ಪ್ರಯತ್ನದಲ್ಲಿ ಗಾಡಿ ನಡು ಏರಿನಲ್ಲಿ ನಿಂತಿತು. ಇಬ್ಬರು ಅಪರಿಚಿತರು ಅದನ್ನು ದಬ್ಬಿ ಹತ್ತಿಸಿದರು. ಅತ್ತೆ ಸೆರಗು ಸರಿಮಾಡಿಕೊಂಡು ಎದುರಿಗಿನ ರಸ್ತೆಯನ್ನೇ ನೋಡುತ್ತಿದ್ದಳು. ಆ ನೋಟವನ್ನು ನಾನು ಮರೆಯಲಾರೆ.

ನಮ್ಮ ಸಂತೆಯಲ್ಲಿ ಬದನೆಕಾಯಿ ಕೊಳ್ಳುವ ಯಾವ ಹೆಂಗಸೂ ಮೊದಲು ತಕ್ಕಡಿಗೆ ಕಾಯಿ ಹಾಕಗೊಡುವುದಿಲ್ಲ. “ಖಾಲಿ ಎತ್ತಿ ತೋರಸಪಾ” ಅನ್ನುತ್ತಾಳೆ. ಖಾಲಿ ತಕ್ಕಡಿ ಸಮ ನಿಂತಮೇಲೆ ವ್ಯಾಪಾರ. ವಿಜ್ಞಾನವೆಲ್ಲ ಅದರ ಮುಂದಿನ ಮಾತು. ನನ್ನ ತಕ್ಕಡಿ ಮಾತ್ರ ಖಾಲಿ ಇದ್ದಾಗಲೇ ಆರು ತೂಗುತ್ತಿತ್ತು.

ಇಂಟರ್ನೆಟ್ಟಿನಲ್ಲಿ ಕೇಳಿದೆ. ಸೆನ್ಸರ್ ಬದಲಿಸು ಅಂದರು, ಬದಲಿಸಿದೆ. ತಂತಿ ಗಿಡ್ಡ ಮಾಡು ಅಂದರು, ಮಾಡಿದೆ. ಕೆಪಾಸಿಟರ್ ಹಾಕು ಅಂದರು, ಎರಡು ಹಾಕಿದೆ. ಕೊನೆಗೊಬ್ಬ, ಪ್ರೋಗ್ರಾಮಿನಲ್ಲಿ ಆರು ಕಳೆದುಬಿಡು ಅಂದ. ನಾಚಿಕೆಯಾದರೂ ಕಳೆದೆ. ಮರುದಿನ ಅತ್ತೆ ಚೀಲವಿಲ್ಲದೆ ಬಂದು ಕೂತಾಗ ಅಂಕಿ ಮೈನಸ್ ಆರು! ನಿಂತ ಗಾಡಿ ಬ್ಯಾಟರಿಗೇ ಕರೆಂಟು ದಾನ ಮಾಡುತ್ತಿತ್ತು. ಕಳೆದದ್ದನ್ನು ಮತ್ತೆ ಕೂಡಿಸಿ, ತಂತಿ ಕತ್ತರಿಸುತ್ತ ಕೂತೆ.

ಅಷ್ಟರಲ್ಲಿ ಕಾಕಾ ಸುಟ್ಟ ಮೋಟರಿಗೆ ಹೊಸ ತಂತಿ ಸುತ್ತಿಕೊಡುವ ಮೇಸ್ತ್ರಿಯನ್ನು ಕರೆತಂದ. ಡಬ್ಬಿ ತೆರೆದು ನೋಡಿದ ಮೇಸ್ತ್ರಿ, ಅದನ್ನು ಮಾಡಿದವಳು ಎದುರಿಗೇ ನಿಂತಿದ್ದರೂ ಕಾಕಾನಿಗೆ ಹೇಳಿದ: “ಸರ, ಅಕ್ಕಾರು ಓದಿದವ್ರು, ಲೆಕ್ಕ ಭಾಳ ಹಾಕ್ಯಾರ. ಈ ಡಬ್ಬಿ ತಗದ ಒಗೀರಿ. ಬ್ಯಾಟರಿಗೆ ಒಂದು ಸ್ವಿಚ್, ಸ್ವಿಚ್ಚಿಗೆ ಮೋಟರ್. ಮುಗೀತು!”

“ಮೋಟರ್ ಸುಟ್ರ?” ಎಂದೆ ನಾನು.

ಉತ್ತರವೂ ಕಾಕಾನಿಗೇ ಹೋಯಿತು. “ಸುಟ್ರ ಸುತ್ತಿ ಕೊಡಾಕ ನಾ ಅದೀನಲ್ರಿ, ಸರ.”

ಕಾಕಾ ನಕ್ಕ. ಅದೇ ಮೋಟರಿನ ಮೇಲೆ ಅತ್ತೆ ಕೂತಿರುತ್ತಾಳೆ, ಅವಳನ್ನು ಯಾರು ಸುತ್ತಿ ಕೊಡುತ್ತಾರೆ ಎಂದು ಕೇಳಬೇಕಿತ್ತು. ನನ್ನ ಒಳ್ಳೆಯ ಉತ್ತರಗಳೆಲ್ಲ ಹಿಪ್ಪರಗಿಯ ಬಸ್ಸಿನಲ್ಲಿ, ಮರುದಿನ ಹುಟ್ಟುತ್ತವೆ.

ರವಿವಾರ ಬಂತು. ಕೊನೆಯ ದಿನ. ಅತ್ತೆಯನ್ನು ಕೂಡಿಸಿ, ಡಬ್ಬಿಯ ಮುಚ್ಚಳ ತೆಗೆದು, ಆ ಆರನ್ನೇ ದುರುಗುಟ್ಟಿ ನೋಡುತ್ತಿದ್ದೆ. ಕೈ ಜಾರಿ ಒಂದು ಸಣ್ಣ ಸ್ಕ್ರೂ ಗಾಡಿಯ ಕೆಳಗೆ ಬಿತ್ತು.

“ತಡಿ, ಬಗ್ಗಬ್ಯಾಡ,” ಎಂದು ಅತ್ತೆ ಚೀಲಕ್ಕೆ ಕೈಹಾಕಿದಳು. ಹಳೆಯ ರೇಡಿಯೋದ ಸ್ಪೀಕರಿನಿಂದ ತೆಗೆದ ಅಯಸ್ಕಾಂತ ಹೊರಬಂತು. ಅದಕ್ಕೊಂದು ದಾರ. ಅತ್ತೆಗೆ ಬಗ್ಗಲು ಆಗುವುದಿಲ್ಲ; ನೆಲಕ್ಕೆ ಬಿದ್ದ ಸೂಜಿ, ಗುಂಡುಪಿನ್ನುಗಳನ್ನು ಬಾವಿಗೆ ಕೊಡ ಬಿಟ್ಟಂತೆ ಈ ದಾರ ಬಿಟ್ಟು ಎತ್ತಿಕೊಳ್ಳುತ್ತಾಳೆ. ಮನೆಯಲ್ಲಿ ನಾನು ಹುಟ್ಟುವ ಮೊದಲಿನಿಂದ ಇರುವ ವಸ್ತು. ಅದು ಚೀಲದಿಂದ ಎದ್ದಾಗ ಅಂಕಿ ಸೊನ್ನೆಯಾಯಿತು. ಡಬ್ಬಿಯ ಪಕ್ಕದಲ್ಲೇ ಕೆಳಗಿಳಿಯುವಾಗ ಹನ್ನೊಂದಕ್ಕೆ ಹಾರಿತು. ಸ್ಕ್ರೂ ಹಿಡಿದು ಮೇಲೆ ಬರುವಾಗ ಮತ್ತೆ ಹನ್ನೊಂದು.

“ಅತ್ತಿ, ಅದನ್ನ ಚೀಲದಾಗ ಇಡು.”

ಆರು.

“ತಗಿ.”

ಸೊನ್ನೆ.

“ಇಡು.”

“ಇದೇನ ಆಟ ಹಚ್ಚೀಯವ್ವ?” ಎಂದವಳು ನನ್ನ ಮುಖ ನೋಡಿ ನಿಲ್ಲಿಸಿದಳು. ಆಮೇಲೆ ನಿಧಾನಕ್ಕೆ ಅಂದಳು: “ಮೊದಲ ದಿವಸನ ಅಂದಿದ್ದೆ. ನಾ ಕೂತಾಗಷ್ಟ ಬರತೈತಿ, ನನ್ನ ಕಡೆ ಏನರ ಐತೇನು ನೋಡು ಅಂತ. ಹೂಂ ಅಂದಿ. ನೋಡಲಿಲ್ಲ.”

ಅಂದಿದ್ದಳು. ಮೂರು ಸಲ ಅಂದಿದ್ದಳು. ನಾನು ಪರದೇಶದ ಅಪರಿಚಿತರ ಮಾತು ಕೇಳಿ ಎರಡು ಕೆಪಾಸಿಟರ್ ಹಾಕಿದ್ದೆ. ಗಾಡಿಯಲ್ಲಿ ಕೂತವಳ ಮಾತನ್ನು ಕಿವಿಗೇ ಹಾಕಿಕೊಂಡಿರಲಿಲ್ಲ. ಮೇಸ್ತ್ರಿ ಕಾಕಾನ ಕಡೆ ಮುಖ ಮಾಡಿ ನನ್ನೊಂದಿಗೆ ಮಾತಾಡಿದ್ದಕ್ಕೆ ಒಂದು ವಾರ ಉರಿದವಳು ನಾನು. ನಾನು ಅತ್ತೆಯೊಂದಿಗೆ ಮಾತಾಡಿದ್ದು ಕರೆಂಟು ಅಳೆಯುವ ಮಲ್ಟಿಮೀಟರಿನ ಕಡೆ ಮುಖ ಮಾಡಿ.

“ತಪ್ಪಾತು, ಅತ್ತಿ.”

“ಆಗಲಿ ಬಿಡು. ಈಗ ಇದನ್ನ ಎಲ್ಲಿ ಇಡ್ಲಿ, ಅದನ್ನ ಹೇಳು. ಬಿಟ್ಟಂತೂ ಹೋಗೂದಿಲ್ಲ.”

ಹ್ಯಾಂಡಲಿನ ಮುಂದೆ, ಡಬ್ಬಿಯಿಂದ ಅವಳ ಕೈ ಚಾಚಿದಷ್ಟು ದೂರದಲ್ಲಿ ಕಟ್ಟಿದೆವು. ಅಂಕಿ ಸೊನ್ನೆಯಿಂದ ಅಲುಗಲಿಲ್ಲ; ಕರೆಂಟು ಎಂದು ಮೋಸಹೋಗಲು ಸೆನ್ಸರಿನ ಪಕ್ಕ ಈಗ ಅಯಸ್ಕಾಂತವಿರಲಿಲ್ಲ.

ಸೋಮವಾರ ಬೆಳಿಗ್ಗೆ ನಾನು ಕಾಲೇಜಿಗೆ ರಜೆ ಹಾಕಿ ಗಾಡಿಯ ಪಕ್ಕದಲ್ಲಿ ನಡೆದೆ. ಕಾಕಾ ಹಿಂದೆ ಬೈಕನ್ನು ಚಾಲೂ ಇಟ್ಟುಕೊಂಡೇ ಬಂದ. ಏರು ಶುರುವಾಯಿತು. ಹತ್ತು, ಹದಿಮೂರು, ಹದಿನೈದು. ಹಿಂದೊಮ್ಮೆ ನಿಂತ ಜಾಗ ದಾಟಿತು. ಹದಿನೈದು, ಹದಿನೈದು. ನೆತ್ತಿಗೆ ಬಂದಮೇಲೆ ಅತ್ತೆ ವೇಗ ಹೆಚ್ಚಿಸಿದಳು. ನಾನು ಓಡಿದೆ, ಹಿಂದೆ ಬಿದ್ದೆ. ಅವಳು ತಿರುಗಿ ನೋಡಲಿಲ್ಲ. ಕಾಕಾ ಬೈಕ್ ಬಂದ್ ಮಾಡಿ, “ನನಗೇನು ಕೆಲಸ ಇನ್ನ?” ಅಂದ.

ಈಗ ಸಿಟ್ಟು ಬಂದಾಗಲೆಲ್ಲ ಸಂತೆಯ ಹೆಂಗಸಿನಂತೆ ಮೊದಲು ಖಾಲಿ ತಕ್ಕಡಿ ಎತ್ತಿ ನೋಡುತ್ತೇನೆ: ಇದು ನಿಜವಾಗಿ ಹರಿಯುತ್ತಿರುವುದೋ, ಪಕ್ಕದ ಯಾವುದೋ ಚೀಲದ್ದೋ? ಹೀಗೆ ನೋಡಿದಾಗ ಎಷ್ಟೋ ಸಿಟ್ಟುಗಳು ಸೊನ್ನೆಗೆ ಬಂದಿವೆ. ಮೇಸ್ತ್ರಿಯ ಮೇಲಿನ ಸಿಟ್ಟನ್ನೂ, ಅಯಸ್ಕಾಂತಗಳನ್ನೆಲ್ಲ ದೂರವಿಟ್ಟು, ಎರಡೆರಡು ಸಲ ಅಳೆದೆ. ಅದು ಮಾತ್ರ ಅಸಲಿ.