ಬಾಳೆನಾರಿನ ಗಂಟು

ಮಾವನವರ ಮೂತ್ರದ ನಳಿಗೆಯನ್ನು ಕಟ್ಟಿದವಳು ನಾನು. ಅವರೇ ಎಳೆದು ಕೆಡಿಸಿಕೊಂಡರೆಂದು ಮನೆಯವರೆಲ್ಲ ಎಂಟು ವರ್ಷ ನಂಬಿದ್ದರು — ನಂಬಿಸಿದವಳೂ ನಾನೇ.

ಕಾಪುವಿನ ನಮ್ಮ ಮನೆಯ ಜಗಲಿಯಲ್ಲಿ ಕುಳಿತು ಮಲ್ಲಿಗೆ ಕಟ್ಟುತ್ತಿದ್ದೆ. ಆಗ ಮಣಿಪಾಲದ ಆಸ್ಪತ್ರೆಯಿಂದ ನನ್ನ ಗಂಡನ ಫೋನು ಬಂತು. ಮಾವನ ಮೂತ್ರದ ದಾರಿ ಮತ್ತೆ ಮುಚ್ಚಿಕೊಂಡಿದೆಯಂತೆ, ಈ ಸಲ ಹಿಗ್ಗಿಸಲು ಬರುವುದಿಲ್ಲವಂತೆ. ಕಿಬ್ಬೊಟ್ಟೆಯಲ್ಲಿ ತೂತು ಮಾಡಿ ಅಲ್ಲಿಂದಲೇ ನಳಿಗೆ ಇಡುತ್ತಾರೆ — ಬಹುಶಃ ಇನ್ನು ಇರುವಷ್ಟು ದಿನವೂ. ಹೇಳಿ ಮುಗಿಸಿ ಇವರು ಒಂದು ಮಾತು ಸೇರಿಸಿದರು: "ಅವತ್ತು ಅಪ್ಪಯ್ಯ ಸ್ವಲ್ಪ ತಡೆದುಕೊಂಡಿದ್ದರೆ ಇದೆಲ್ಲ ಉಂಟಾ?"

ನನ್ನ ಬೆರಳಲ್ಲಿ ಒದ್ದೆ ಬಾಳೆನಾರು ಸುತ್ತಿಕೊಂಡಿತ್ತು. ಅವತ್ತು ಕಟ್ಟಿದ್ದೂ ಅಂಥದೇ ನಾರಿನಿಂದ.

ಮಗಳಿಗೆ ಆಗ ಮೂರು ವರ್ಷ. ಬಹಳ ಕಾದು, ನಾಗನಿಗೆ ಹರಕೆ ಹೊತ್ತು ಪಡೆದ ಮಗು. ಆಶ್ಲೇಷಾ ಬಲಿಯ ಪೂಜೆ ಕೊಡಿಸುತ್ತೇನೆಂದು ಹೇಳಿಕೊಂಡವಳು ಮುಂದೆ ಹಾಕುತ್ತಲೇ ಬಂದಿದ್ದೆ. ಕೊನೆಗೂ ಮನೆಯಲ್ಲೇ ಮಾಡಿಸಲು ದಿನ ಗೊತ್ತಾಯಿತು. ಅದರ ಹಿಂದಿನ ವಾರವೇ ಮಾವನಿಗೆ ಪ್ರಾಸ್ಟೇಟ್ ಆಪರೇಷನ್ ಆಯಿತು. ಆಪರೇಷನ್ ಚೆನ್ನಾಗಿಯೇ ಆಗಿತ್ತು. ಹತ್ತು ದಿನ ನಳಿಗೆ ಮತ್ತು ಚೀಲ ಇರಲಿ ಎಂದು ಮನೆಗೆ ಕಳುಹಿಸಿದ್ದರು. ಅತ್ತೆ ತೀರಿಹೋಗಿದ್ದರಿಂದ ನೋಡಿಕೊಳ್ಳುವವಳು ನಾನೊಬ್ಬಳೇ. ನರ್ಸಮ್ಮ ನನ್ನನ್ನೇ ನಿಲ್ಲಿಸಿ ಎರಡು ಸಲ ಹೇಳಿದ್ದರು — ನಳಿಗೆ ಮಡಚಬಾರದು, ಮೂತ್ರ ಹರಿಯುತ್ತಲೇ ಇರಬೇಕು, ನೀರು ಚೆನ್ನಾಗಿ ಕುಡಿಸಬೇಕು. ಗೊತ್ತಿಲ್ಲದೆ ಮಾಡಿದೆ ಎನ್ನಲು ನನಗೆ ಬಾಯಿಲ್ಲ.

ಮನೆಗೆ ಹಿರಿಯರು ಅವರು. ಬಲಿಗೆ ಅವರೇ ಕೂರಬೇಕು. ಆದರೆ ಮೂತ್ರದ ಚೀಲ ಇಟ್ಟುಕೊಂಡು ನಾಗನ ಮುಂದೆ? ಮೈಲಿಗೆಯಾದರೆ ದೋಷ ಮಗುವಿಗೆ ತಾನೆ ತಟ್ಟುವುದು — ಅಷ್ಟೇ ನನ್ನ ತಲೆಯಲ್ಲಿದ್ದದ್ದು. ಭಟ್ಟರನ್ನು ಒಂದು ಮಾತು ಕೇಳಬಹುದಿತ್ತು. ಬೇಡವೆಂದುಬಿಟ್ಟರೆ ಎಂಬ ಹೆದರಿಕೆಗೆ ಕೇಳಲಿಲ್ಲ. ಮಾವ ಸ್ನಾನ ಮಾಡಿ ಬಂದಾಗ ಚೀಲ ಬಿಚ್ಚಿಟ್ಟೆ. ಪಂಚೆಯ ಅಂಚಿನಲ್ಲಿ ಕಾಣುತ್ತಿದ್ದ ನಳಿಗೆಯ ತುದಿಯನ್ನು ಮಡಚಿ, ಹೂವಿಗೆ ಹಾಕುವ ಗಂಟನ್ನೇ ಹಾಕಿದೆ. ಅವರು ನಾಚಿಕೆಯಿಂದ ಗೋಡೆಯ ಕಡೆ ಮುಖ ತಿರುಗಿಸಿದ್ದರು.

"ಒಂದು ಗಂಟೆ ಮಾವ, ಮತ್ತೆ ಬಿಚ್ಚುತ್ತೇನೆ," ಎಂದೆ.

"ಮಗುವಿಗೆ ಅಲ್ವಾ, ಆಗಲಿ," ಎಂದರು.

ಭಟ್ಟರು ಬಂದದ್ದೇ ತಡವಾಗಿ. ಒಂದು ಗಂಟೆ ಹೋಗಿ ಮೂರಾಯಿತು. ಬೆಳಿಗ್ಗೆ ಎರಡು ಬೊಂಡದ ಎಳನೀರು ಬೇರೆ ಕುಡಿಸಿದ್ದೆ. ನಾನು ಅಡುಗೆಯ ಗಡಿಬಿಡಿಯಲ್ಲಿ — ಅಲ್ಲ, ಸರಿಯಾಗಿ ಹೇಳುತ್ತೇನೆ — ಮಾವನ ಹಣೆಯಲ್ಲಿ ಬೆವರು ಕಂಡಿದ್ದೆ. ಮಂಗಳಾರತಿಯಾಗಲಿ ಎಂದುಕೊಂಡೆ. ಅಷ್ಟರಲ್ಲಿ ಅವರು ಎದ್ದು ಬಚ್ಚಲಿಗೆ ಓಡಿದರು. ಗಂಟು ಬಿಚ್ಚಲು ಬಾರದೆ, ನೋವು ತಾಳದೆ ನಳಿಗೆಯನ್ನೇ ಎಳೆದಿದ್ದರು. ಅದು ಜಾರದಂತೆ ಒಳಗೆ ಹಿಡಿದಿದ್ದ ಬಲೂನಿನ ಸಮೇತ ಬಂದಿತ್ತು. ನಾನು ಹೋಗುವಾಗ ಪಂಚೆಯೆಲ್ಲ ರಕ್ತ. ಮೊದಲು ನಾನು ಮಾಡಿದ್ದೇನು ಗೊತ್ತೇ? ನಾರನ್ನು ಕತ್ತರಿಸಿ ಬಚ್ಚಲೊಲೆಗೆ ಹಾಕಿದೆ. ಗಂಡನನ್ನು ಕೂಗಿದ್ದು ಆಮೇಲೆ.

ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದಾಗ, "ಕಿರಿಕಿರಿಯಾಗಿ ಅವರೇ ಎಳೆದುಕೊಂಡರು," ಎಂದೆ. ಮಾವ ಮಂಚದಿಂದ ನನ್ನನ್ನೊಮ್ಮೆ ನೋಡಿದರು.

"ಹೌದು, ನನ್ನದೇ ತಪ್ಪು," ಎಂದರು.

ಗಾಯ ಒಣಗಿದ ಕಡೆ ದಾರಿ ಕಿರಿದಾಯಿತು. ಮೂರು ನಾಲ್ಕು ತಿಂಗಳಿಗೊಮ್ಮೆ ಹಿಗ್ಗಿಸಿಕೊಂಡು ಬರಬೇಕು, ಮತ್ತೆ ಮುಚ್ಚುತ್ತದೆ, ಮತ್ತೆ ಹೋಗಬೇಕು. ಹೈವೇ ಅಗಲ ಮಾಡುವ ಕೆಲಸ ಶುರುವಾದಾಗ ಮಾವ ಬಸ್ಸಿಗೆ ಕಾಯುತ್ತಾ ಮಗನಿಗೆ ಹೇಳುತ್ತಿದ್ದರು: "ಅದೊಂದು ಅಗಲ ಆಗ್ತಾ ಉಂಟು, ನನ್ನದು ಆಗುವ ಅಂದಾಜಿಲ್ಲ ಮಾರಾಯ." ಕಾರ್ಕಳದಿಂದ ನಾದಿನಿ, ಇವರ ಅಕ್ಕ, ಬಂದಾಗಲೆಲ್ಲ ಅದೇ ಮಾತು — "ಅಪ್ಪಯ್ಯ, ನಿಮ್ಮ ಕೈ ಸುಮ್ಮನಿರಲಿಲ್ಲ ಅಲ್ವಾ, ಸಣ್ಣ ಮಕ್ಕಳ ಹಾಗೆ." ಅವರು ನಗುತ್ತಿದ್ದರು. ನಾನು ಕಾಫಿ ತರುವ ನೆವದಿಂದ ಒಳಗೆ ಹೋಗುತ್ತಿದ್ದೆ.

ಬಚ್ಚಲಿನಲ್ಲಿ ಅವರು ತಿಣುಕುವ ಸದ್ದು ಕೇಳಿದರೆ ನನಗೆ ಸಿಟ್ಟೇ ಬರುತ್ತಿತ್ತು. ಪಾತ್ರೆಗಳ ಮೇಲೆ, ಮಗಳ ಮೇಲೆ, ನಾಗನ ಮೇಲೂ. ಎಲ್ಲಕ್ಕಿಂತ ಹೆಚ್ಚಾಗಿ ಬಾಯಿ ಬಿಡದ ಅವರ ಮೇಲೆ. ಒಂದು ಸಲ ಬೈದಿದ್ದರೆ! ದೇವರ ಮುಂದೆ ನಿಂತು ಸಣ್ಣಪುಟ್ಟ ಉಪಕಾರಗಳನ್ನು ಎಣಿಸುವ ಅಭ್ಯಾಸ ನನಗೆ: ಇವತ್ತು ಜ್ವರವಿಲ್ಲ, ಕಿಡ್ನಿಗೆ ತೊಂದರೆಯಿಲ್ಲ, ಬಸ್ಸಿನಲ್ಲಿ ಸೀಟು ಸಿಕ್ಕಿತು. ನೋವು ತಿಂದವರು ಅವರು, ಆ ಉಪಕಾರಗಳೂ ಅವರವೇ. ಎಣಿಸಲು ನಾನು ಯಾರು?

ಫೋನಿನಲ್ಲಿ ಇವರು ಇನ್ನೂ ಕಾಯುತ್ತಿದ್ದರು.

"ಅವರದ್ದು ತಪ್ಪಲ್ಲ," ಎಂದೆ. "ಬಲಿಯ ದಿನ ನಳಿಗೆ ಕಟ್ಟಿದ್ದು ನಾನು. ಹೂವಿನ ನಾರಿನಲ್ಲಿ."

"ಎಂತದು?"

ಇನ್ನೊಮ್ಮೆ ಹೇಳಿದೆ. 

"ಇದನ್ನು ನೀನೇ ಬಂದು ಅಪ್ಪಯ್ಯನಿಗೆ ಹೇಳು," ಎಂದರು.

"ಅವರಿಗೆ ಗೊತ್ತುಂಟು," ಎಂದೆ. "ಅವರಿಗೊಬ್ಬರಿಗೇ ಗೊತ್ತಿದ್ದದ್ದು. ಅಕ್ಕನಿಗೆ ನಾನೇ ಹೇಳುತ್ತೇನೆ."

ಫೋನು ಇಟ್ಟರು. ನಾನು ಕಾರ್ಕಳದ ನಂಬರು ಒತ್ತಿ ನಾದಿನಿಗೂ ಅದನ್ನೇ ಹೇಳಿದೆ. ಅವರು ಅಂದದ್ದನ್ನು ಇಲ್ಲಿ ಬರೆಯುವುದಿಲ್ಲ. ಅಷ್ಟೂ ನನಗೆ ಸಲ್ಲಬೇಕಾದದ್ದೇ. ಉಳಿದ ಮೊಗ್ಗು ಬುಟ್ಟಿಯಲ್ಲೇ ಅರಳಿಹೋಗುತ್ತಿತ್ತು, ಕೈಗೆ ಗಂಟು ಬರಲಿಲ್ಲ. ಒಳಗೆ ಹೋಗಿ ಆಸ್ಪತ್ರೆಗೆ ಒಯ್ಯಲು ಗಂಜಿಗೆ ಕುಚ್ಚಲಕ್ಕಿ ತೊಳೆದೆ.