ಚನ್ನಕ್ಕ ಕಾರಿಗೆ ಬಣ್ಣ ಹೊಡೆದ ಭಾನುವಾರ

ಭಾನುವಾರ, ಬೆಳಿಗ್ಗೆ ಐದೂವರೆ. ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶಕ್ಕೆ ಅಂಟಿಕೊಂಡಿರುವ ಚೊಕ್ಕಸಂದ್ರದ ಒಂದು ವಠಾರದ ಹಿಂಬದಿಯಲ್ಲಿ ಚನ್ನಕ್ಕ ನೆಲಕ್ಕೆ ನೀರು ಹಾಕುತ್ತಿದ್ದಾರೆ. ಹಿಂದೊಮ್ಮೆ ದನ ಕಟ್ಟುತ್ತಿದ್ದ ಕೊಟ್ಟಿಗೆ ಇದು. ಮೇಲೆ ಶೀಟು, ಮೂರು ಕಡೆ ಗೋಡೆ. ತೆರೆದ ಕಡೆಗೆ ಅವರು ಹಳೆಯ ಸೀರೆಗಳನ್ನು ಒದ್ದೆ ಮಾಡಿ ತೂಗುಬಿಟ್ಟಿದ್ದಾರೆ; ಗಾಳಿಯಲ್ಲಿ ಬರುವ ಧೂಳು ಅದಕ್ಕೆ ಅಂಟಿಕೊಳ್ಳಬೇಕು. ನಡುವೆ ಒಂದು ಹಳೆಯ ಆಲ್ಟೊ ಕಾರು ನಿಂತಿದೆ. ಗಾಜು, ದೀಪ, ಚಕ್ರಗಳಿಗೆಲ್ಲ ಪತ್ರಿಕೆಯ ಹಾಳೆ ಹೊದಿಸಿ ಟೇಪು ಅಂಟಿಸಲಾಗಿದೆ. ಉಳಿದ ಮೈಯೆಲ್ಲ ಬಣ್ಣಕ್ಕೆ ಮುಂಚೆ ಬಳಿಯುವ ಪ್ರೈಮರಿನ ಬೂದು.

ವಾರದ ಉಳಿದ ದಿನಗಳಲ್ಲಿ ಈ ಹೊತ್ತಿಗಾಗಲೇ ಲಾರಿಗಳು ರಸ್ತೆಗೆ ಇಳಿದಿರುತ್ತವೆ. ಭಾನುವಾರ ಕಾರ್ಖಾನೆ ಶೆಡ್ಡುಗಳಿಗೆ ರಜೆ, ಲಾರಿ ಕಡಿಮೆ, ಧೂಳೂ ಕಡಿಮೆ. ಆದರೂ ಚನ್ನಕ್ಕ ಈಗಲೇ ಬಣ್ಣ ಚಿಮ್ಮಿಸುವ ಗನ್ ಹಿಡಿಯುವುದಿಲ್ಲ. ಥಂಡಿಯಲ್ಲಿ ಹೊಡೆದರೆ ಈ ಬಣ್ಣ ಹಾಲು ಒಡೆದಂತೆ ಮಂಕಾಗುತ್ತದೆ. ಬಿಸಿಲು ಶೀಟಿನ ಮೇಲೆ ಬೀಳುವವರೆಗೆ ಕಾಯಬೇಕು. ಗಾಳಿ ಏಳುವ ಮೊದಲು ಮುಗಿಸಬೇಕು. ಗನ್ನಿಗೆ ಗಾಳಿ ಊದಲು ಬಾಡಿಗೆಗೆ ತಂದಿರುವ ಕಂಪ್ರೆಸರನ್ನು ಮಧ್ಯಾಹ್ನ ವಾಪಸು ಕೊಡಬೇಕು.

ಚನ್ನಕ್ಕನಿಗೆ ನಲವತ್ತಾರು ವರ್ಷ. ರಾಯಚೂರು ಜಿಲ್ಲೆಯ ದೇವದುರ್ಗದ ಕಡೆಯವರು. ಗಂಡ ಸಂಗಣ್ಣನೊಂದಿಗೆ ಕಟ್ಟಡದ ಕೆಲಸಕ್ಕೆಂದು ಬೆಂಗಳೂರಿಗೆ ಬಂದವರು, ಮೂರನೇ ವರ್ಷ ಪೀಣ್ಯದ ಒಂದು ಸಣ್ಣ ಕಾರ್ಖಾನೆ ಸೇರಿದರು. ವಿದ್ಯುತ್ ಪ್ಯಾನೆಲ್‌ಗಳನ್ನು ಕೂರಿಸುವ ತಗಡಿನ ಪೆಟ್ಟಿಗೆಗಳು ಅಲ್ಲಿ ತಯಾರಾಗುತ್ತವೆ. ಚನ್ನಕ್ಕ ಇರುವುದು ಉಜ್ಜುವ ವಿಭಾಗದಲ್ಲಿ. ಬೆಸುಗೆಯ ಗಂಟು, ತುಕ್ಕು, ಗೀರು ಎಲ್ಲವನ್ನೂ ಎಮೆರಿ ಕಾಗದದಿಂದ ತಿಕ್ಕಿ ನಯ ಮಾಡಿ ಬೂತಿಗೆ, ಅಂದರೆ ಬಣ್ಣ ಹೊಡೆಯುವ ಕೋಣೆಗೆ, ಕಳಿಸುವುದು ಅವರ ಕೆಲಸ. ದಿನಕ್ಕೆ ಅರವತ್ತರ ಹತ್ತಿರ ಪೆಟ್ಟಿಗೆ ಬಾಗಿಲುಗಳು ಅವರ ಕೈ ದಾಟುತ್ತವೆ.

ಈ ಕೆಲಸದ ಗುಣವೆಂದರೆ, ಚೆನ್ನಾಗಿ ಮಾಡಿದರೆ ಅದು ಕಾಣುವುದಿಲ್ಲ. ಪೆಟ್ಟಿಗೆ ಮಿರಮಿರ ಹೊಳೆದರೆ ಹೆಸರು ಬಣ್ಣ ಹೊಡೆದವನಿಗೆ. ಗೀರು ಕಂಡರೆ ಮಾತ್ರ ಉಜ್ಜಿದವರು ಯಾರೆಂದು ಕೇಳುತ್ತಾರೆ. "ನಮ್ಮ ಕೆಲಸ ಬಣ್ಣದ ಕೆಳಗ ಇರ್ತೈತ್ರಿ. ಬಣ್ಣ ಕಿತ್ತು ಹೋದಾಗ ಅಷ್ಟ ನಾವು ನೆನಪಾಗ್ತೀವಿ" ಎನ್ನುತ್ತಾರೆ ಚನ್ನಕ್ಕ.

ಎಮೆರಿ ಕಾಗದ ಅವರ ಬೆರಳಿನ ಗೆರೆಗಳನ್ನೂ ಸವೆಸಿದೆ. ಕಾರ್ಖಾನೆಯ ಹಾಜರಾತಿ ಯಂತ್ರ ಅವರನ್ನು ಗುರುತಿಸುವುದಿಲ್ಲ; ಉಜ್ಜುವ ವಿಭಾಗದ ಹೆಂಗಸರಿಗೆಲ್ಲ ಬೆರಳಿನ ಬದಲು ಕಾರ್ಡು ಕೊಟ್ಟಿದ್ದಾರೆ. ಪಡಿತರ ಅಂಗಡಿಯಲ್ಲೂ ಇದೇ ತೊಂದರೆ. "ಅಲ್ಲಿ ಇವ್ರ ಹೆಬ್ಬೆಟ್ಟ ಒಯ್ತೀನಿ. ಅದಕ್ಕರ ಉಪಯೋಗ ಆಗ್ಲಿ" ಎಂದು ಗಂಡನತ್ತ ಗದ್ದ ಎತ್ತಿ ತೋರಿಸುತ್ತಾರೆ. ಬಕೆಟ್ ಹಿಡಿದು ನಿಂತಿರುವ ಸಂಗಣ್ಣ ನಗುತ್ತಾರೆ.

ಸಂಗಣ್ಣ ಚಾಲಕರು. ಸ್ವಂತ ಕಾರು ಇದ್ದೂ ಓಡಿಸಲಾಗದವರು ಫೋನು ಮಾಡಿ ಕರೆದಾಗ ಹೋಗಿ ಅವರದೇ ಕಾರು ಓಡಿಸಿ ಬರುತ್ತಾರೆ. ಎಲೆಕ್ಟ್ರಾನಿಕ್ ಸಿಟಿಯ ಅಂಥ ಒಂದು ಮನೆಯವರು ಹೊಸ ಕಾರು ಕೊಂಡಾಗ, ಮಳೆಗೆ ಬಿಸಿಲಿಗೆ ನಿಂತು ಸುಲಿದುಹೋಗಿದ್ದ ಈ ಆಲ್ಟೊವನ್ನು ಗುಜರಿ ಬೆಲೆಗೆ ಇವರಿಗೆ ಬಿಟ್ಟುಕೊಟ್ಟರು. ಎಂಜಿನ್ ಗಟ್ಟಿ ಇತ್ತು. ಮೈಮೇಲೆ ಬಣ್ಣ ಹಪ್ಪಳದಂತೆ ಎದ್ದಿತ್ತು. ಗ್ಯಾರೇಜಿನವರು ಹೇಳಿದ ಮೊತ್ತ ಚನ್ನಕ್ಕನ ಮೂರು ತಿಂಗಳ ಸಂಬಳಕ್ಕಿಂತ ಹೆಚ್ಚು. ಮನೆಯಲ್ಲೇ ಹೊಡೆದುಕೊಂಡರೆ ಬಣ್ಣ, ಅದನ್ನು ತೆಳುಮಾಡುವ, ಎಣ್ಣೆ ಒರೆಸುವ ಥಿನ್ನರ್, ಕಂಪ್ರೆಸರ್ ಬಾಡಿಗೆ ಎಲ್ಲ ಸೇರಿ ಅರ್ಧ ತಿಂಗಳ ಸಂಬಳದಲ್ಲಿ ಮುಗಿಯುತ್ತದೆ. ಕೂಲಿ ಅವರದೇ. ಬಣ್ಣ ಯಾವುದೆಂಬ ಪ್ರಶ್ನೆ ಬರಲಿಲ್ಲ. ನೋಂದಣಿ ಪತ್ರದಲ್ಲಿ ಬಿಳಿ ಎಂದಿದೆ. ಬೇರೆ ಬಣ್ಣಕ್ಕೆ ಆರ್‌ಟಿಒ ಒಪ್ಪಿಗೆ ಬೇಕು.

ಆದರೆ ಚನ್ನಕ್ಕನಿಗೆ ಈ ಭಾನುವಾರ ಮುಖ್ಯವಾಗಿರುವುದು ಕಾರಿನಿಂದಲ್ಲ. ಕಾರ್ಖಾನೆಯ ಹಿರಿಯ ಪೇಂಟರ್ ಕಳೆದ ತಿಂಗಳು ದಾಬಸ್‌ಪೇಟೆಯ ದೊಡ್ಡ ಕಂಪನಿಗೆ ಹೋದರು. ಬೂತಿನಲ್ಲಿ ಒಂದು ಜಾಗ ಖಾಲಿ ಇದೆ. ಆ ಬೂತಿನಲ್ಲಿ ಈವರೆಗೆ ಹೆಂಗಸರು ನಿಂತಿಲ್ಲ. ಚನ್ನಕ್ಕ ಸೂಪರ್‌ವೈಸರ್ ಹನುಮಂತರಾಯಪ್ಪನವರ ಬಳಿ ಹೋಗಿ ತನಗೆ ಕೊಡಿ ಎಂದರು. ಕಲಿಯಲು ಕಂಪನಿಯ ಪೆಟ್ಟಿಗೆ ಹಾಳುಮಾಡಲಾಗುವುದಿಲ್ಲ, ಹೇಗೂ ಹಳೇ ಕಾರು ತಗೊಂಡಿದ್ದೀರಲ್ಲ, ಅದಕ್ಕೆ ಹೊಡೆದು ಸೋಮವಾರ ಗೇಟಿನ ಹತ್ತಿರ ತಂದು ನಿಲ್ಲಿಸಿ, ನೋಡಿ ಹೇಳುತ್ತೇನೆ ಎಂದರು ಅವರು. ಅರ್ಧ ತಮಾಷೆಯಾಗಿ ಹೇಳಿದ ಮಾತು. ಸುತ್ತ ಇದ್ದವರು ನಕ್ಕರು. ಚನ್ನಕ್ಕ ಅದನ್ನು ಪೂರ್ತಿಯಾಗಿಯೇ ತೆಗೆದುಕೊಂಡರು.

ಗನ್ ಅವರಿಗೆ ಹೊಸದೇನಲ್ಲ. ಪಾಳಿ ಮುಗಿದ ಮೇಲೆ ಪೇಂಟರುಗಳು ಗನ್ನುಗಳನ್ನು ತೊಳೆಯಲು ಉಜ್ಜುವ ಹೆಂಗಸರ ಮುಂದೆ ಇಟ್ಟು ಹೋಗುತ್ತಾರೆ. ಒಳಗೆ ಥಿನ್ನರ್ ತುಂಬಿ, ಬಣ್ಣದ ಅಂಶ ಹೋಗುವವರೆಗೆ ಹೊರಕ್ಕೆ ಚಿಮ್ಮಿಸಬೇಕು. ಎಲ್ಲರೂ ಮೋರಿಗೆ ಚಿಮ್ಮಿಸುತ್ತಿದ್ದರೆ ಚನ್ನಕ್ಕ ಒಂದು ರದ್ದಿ ತಗಡಿನ ಮೇಲೆ ಚಿಮ್ಮಿಸುತ್ತಿದ್ದರು. ಅದೇ ದೂರ, ಅದೇ ವೇಗ, ಒಂದು ಪಟ್ಟೆಯ ಅರ್ಧಕ್ಕೆ ಇನ್ನೊಂದು ಪಟ್ಟೆ. ಹೀಗೆ ವರ್ಷಗಟ್ಟಲೆ, ಬಣ್ಣವಿಲ್ಲದೆ.

ಏಳು ದಾಟಿದ ಮೇಲೆ ವಠಾರದ ಒಡತಿ ಈಶ್ವರಮ್ಮ ಕಾಫಿ ಲೋಟ ಹಿಡಿದು ಬರುತ್ತಾರೆ. ಪೀಣ್ಯಕ್ಕೆ ಕಾರ್ಖಾನೆ ಬರುವ ಮೊದಲಿಂದ ಇದೇ ಊರಿನಲ್ಲಿರುವ ಮನೆತನ. ಕೊಟ್ಟಿಗೆಯನ್ನು ಬಾಡಿಗೆ ಇಲ್ಲದೆ ಬಿಟ್ಟುಕೊಟ್ಟಿದ್ದಾರೆ, ಒಗೆದ ಬಟ್ಟೆಯ ಮೇಲೆ ಬಣ್ಣ ಹಾರಬಾರದೆಂಬ ಷರತ್ತಿನ ಮೇಲೆ. "ನಮ್ ಸೀಮೆಹಸ ಕಟ್ತಿದ್ ಜಾಗ ಇದು" ಎನ್ನುತ್ತಾರೆ. "ಅದ್ನೂ ಇಂಗ್ ಉಜ್ಜಿ ತೊಳ್ದಿರ್ಲಿಲ್ಲ ಕಣಮ್ಮಿ. ತೊಳ್ದಿದ್ರೆ ಇನ್ನೆಲ್ಡ್ ಲೀಟ್ರು ಕೊಡ್ತಿತ್ತೋ ಏನೋ."

ಎಂಟು ಗಂಟೆಗೆ ಶೀಟು ಬೆಚ್ಚಗಾಗುತ್ತದೆ. ಚನ್ನಕ್ಕ ಮೂಗಿಗೆ ಮಾಸ್ಕ್ ಕಟ್ಟಿ, ಕಾರಿನ ಮೈಯನ್ನು ಒಣ ಬಟ್ಟೆಯಿಂದ ಒಮ್ಮೆ ಒರೆಸಿ, ಅದರ ಮಾಡಿನಿಂದ ಶುರುಮಾಡುತ್ತಾರೆ. ಕೈ ಬಾಗುವುದಿಲ್ಲ, ಇಡೀ ದೇಹವೇ ಪಕ್ಕಕ್ಕೆ ಸರಿಯುತ್ತದೆ. ಮಾಡು ಒಂದೇ ಸಮನೆ ಒದ್ದೆಯಾಗಿ ಹೊಳೆಯುತ್ತದೆ. ಸಂಗಣ್ಣ ಗನ್ನಿನ ಗಾಳಿ ಪೈಪು ಎತ್ತಿ ಹಿಡಿದು, ಅದು ಕಾರಿಗೆ ತಾಗದಂತೆ ಹಿಂದೆ ಹಿಂದೆ ನಡೆಯುತ್ತಾರೆ.

ಆಮೇಲೆ ಬಾನೆಟ್. ಎರಡನೇ ಪಟ್ಟೆ ಬಿದ್ದ ಕೂಡಲೇ ಚನ್ನಕ್ಕ ನಿಲ್ಲುತ್ತಾರೆ. ಬಿಳಿ ಬಣ್ಣ ಅಲ್ಲಲ್ಲಿ ಹಿಂದೆ ಸರಿದು, ಕಡಲೆಕಾಳಿನಷ್ಟು ಅಗಲದ ಗುಂಡು ಗುಂಡು ಖಾಲಿ ಜಾಗಗಳು ಏಳುತ್ತಿವೆ. ಪ್ರತಿಯೊಂದರ ತಳದಲ್ಲೂ ಬೂದು ಪ್ರೈಮರು ಕಾಣುತ್ತದೆ. ಕಾರ್ಖಾನೆಯಲ್ಲಿ ಇದಕ್ಕೆ ಬಣ್ಣ ಕಣ್ಣು ಬಿಟ್ಟಿತು ಎನ್ನುತ್ತಾರೆ. ಕಾರಣ ಒಂದೇ: ಕೆಳಗೆ ಎಣ್ಣೆ ಇದೆ. ಕಣ್ಣುಗಳು ಚದುರಿಲ್ಲ, ಬಾನೆಟ್ಟಿನ ನಡುವಿನಿಂದ ಬಲಕ್ಕೆ ಕಮಾನಿನಂತೆ ಬಾಗಿವೆ. ಯಾರೋ ಒರೆಸಿದ ಹಾಗೆ.

ಚನ್ನಕ್ಕ ಗಂಡನ ಮುಖ ನೋಡುತ್ತಾರೆ. ಸಂಗಣ್ಣ ಪೈಪು ಕೆಳಗಿಟ್ಟು ನಡೆದದ್ದನ್ನು ಹೇಳುತ್ತಾರೆ. ಯಾರ ಗಾಡಿ ಮೊದಲ ಸಲ ಹತ್ತಿದರೂ ಅದರ ಬಾನೆಟ್ಟಿಗೆ ಆಂಜನೇಯನ ಗುಡಿಯ ಸಿಂಧೂರದ ಒಂದು ಬೊಟ್ಟು ಇಡುವುದು ಅವರ ವಾಡಿಕೆ. ಶನಿವಾರ ಸಂಜೆ ಹೆಂಡತಿ ಉಜ್ಜುವುದು ಮುಗಿಸಿ ಒಳಗೆ ಹೋದ ಮೇಲೆ, ಅವಳ ಕೆಲಸ ಸರಾಗವಾಗಲೆಂದು ಗುಡಿಯಿಂದ ಎಲೆಯಲ್ಲಿ ತಂದು ಹಚ್ಚಿದರು. ಇವತ್ತು ಕತ್ತಲಲ್ಲೇ ಎದ್ದಾಗ ಬೈಸಿಕೊಳ್ಳುವ ಭಯವಾಗಿ, ಒದ್ದೆ ಬಟ್ಟೆಯಿಂದ ಒರೆಸಿಬಿಟ್ಟರು. ಸಿಂಧೂರವನ್ನು ಕಲಸುವುದು ಎಣ್ಣೆಯಲ್ಲಿ. ನೀರಿಗೆ ಕೆಂಪು ಹೋಯಿತು, ಎಣ್ಣೆ ಹರಡಿತು.

ಈಶ್ವರಮ್ಮ ಆಂಜನೇಯನಿಗೇ ಬಣ್ಣ ಬಳಿಯಲು ಹೋದರೆ ಇನ್ನೇನಾದೀತು ಎಂದು ನಗುತ್ತಾರೆ. ಚನ್ನಕ್ಕ ನಗುವುದಿಲ್ಲ, ಬೈಯುವುದೂ ಇಲ್ಲ. ಬಣ್ಣಕ್ಕೆ ಮುಂಚೆ ಮೈಯನ್ನು ಇನ್ನೊಮ್ಮೆ ಥಿನ್ನರಿನಿಂದ ಒರೆಸಬೇಕೆಂದು ಅವರಿಗೆ ಗೊತ್ತಿತ್ತು. ಶನಿವಾರ ಒಮ್ಮೆ ಒರೆಸಿದ್ದಾಗಿತ್ತು, ಥಿನ್ನರ್ ಅಳತೆಗೆ ತಂದದ್ದು, ಉಳಿಸೋಣವೆಂದು ಒಣ ಬಟ್ಟೆ ಹಿಡಿದರು. "ಅರ್ಧ ತಪ್ಪು ಇವ್ರದು, ಅರ್ಧ ನಂದು" ಎನ್ನುತ್ತಾರೆ.

ಮೇಲೆ ದಪ್ಪಗೆ ಇನ್ನೊಂದು ಕೋಟ್ ಹೊಡೆದರೆ ಕಣ್ಣು ಮುಚ್ಚುವುದಿಲ್ಲವೇ ಎಂದು ಸಂಗಣ್ಣ ಮೆಲ್ಲಗೆ ಕೇಳುತ್ತಾರೆ. ನಾಳೆ ನೋಡುವವರಿಗೆ ಗೊತ್ತಾಗುವುದಿಲ್ಲ, ಆಮೇಲೆ ಪುರುಸೊತ್ತಿನಲ್ಲಿ ಸರಿಮಾಡಿಕೊಳ್ಳಬಹುದು ಎಂಬುದು ಅವರ ಲೆಕ್ಕ.

"ಮುಚ್ಚತೈತಿ. ನಾಳೆ ಚಂದನೂ ಕಾಣತೈತಿ" ಎನ್ನುತ್ತಾರೆ ಚನ್ನಕ್ಕ. "ಮಳಿಗಾಲದಾಗ ಚಕ್ಕಿ ಚಕ್ಕಿ ಏಳತೈತಿ. ಕೆಳಗ ಎಣ್ಣಿ ಐತಿ ಅಂತ ಗೊತ್ತಾದ ಮ್ಯಾಲ ನಾ ಹೊಡಿಯಾಂಗಿಲ್ಲ."

"ಮತ್ತ ಸೋಮವಾರ?"

"ಹಿಂಗ ಒಯ್ಯೋದು."

ಬಾನೆಟ್ಟನ್ನು ಅಷ್ಟಕ್ಕೇ ಬಿಟ್ಟು ಅವರು ಎಡಬದಿಯ ಬಾಗಿಲಿಗೆ ಬರುತ್ತಾರೆ. ಇರುವ ಥಿನ್ನರ್ ಬಾಗಿಲುಗಳಿಗೆ, ಡಿಕ್ಕಿಗೆ ಬೇಕು. ಬಾನೆಟ್ ಸರಿಪಡಿಸಲು ಮಿಗುವುದಿಲ್ಲ. ಎಡಬಾಗಿಲಲ್ಲಿ ಒಂದು ಕ್ಷಣ ಗಮನ ತಪ್ಪಿ ಕೈ ನಿಲ್ಲುತ್ತದೆ, ಬಣ್ಣ ಸಣ್ಣ ಹನಿಯಾಗಿ ಇಳಿಯುತ್ತದೆ. ಬಲಬದಿ, ಡಿಕ್ಕಿ ಸರಾಗವಾಗಿ ಮುಗಿಯುತ್ತವೆ. ಮಧ್ಯಾಹ್ನ ಕಂಪ್ರೆಸರ್ ವಾಪಸು ಹೋದ ಮೇಲೆ ಚನ್ನಕ್ಕ ನೀರು, ಎಮೆರಿ ಹಿಡಿದು ಬಾನೆಟ್ಟಿನ ಬಣ್ಣವನ್ನು ಉಜ್ಜಿ ತೆಗೆಯಲು ಕೂರುತ್ತಾರೆ. ಸಂಗಣ್ಣ ಪಕ್ಕದಲ್ಲಿ ಕೂತು ಇನ್ನೊಂದು ಕಾಗದ ತೆಗೆದುಕೊಳ್ಳುತ್ತಾರೆ. ಗೋಲ ಸುತ್ತಬೇಡಿ, ನೇರ ಉಜ್ಜಿ ಎಂದಷ್ಟೇ ಚನ್ನಕ್ಕ ಹೇಳುತ್ತಾರೆ.

ಸೋಮವಾರ ಮೊದಲ ಪಾಳಿಗೆ ಮುಂಚೆ ಕಾರು ಕಾರ್ಖಾನೆಯ ಗೇಟಿನ ಪಕ್ಕ ನಿಂತಿದೆ. ಮೈಯೆಲ್ಲ ಬಿಳಿ, ಬಾನೆಟ್ ಮಾತ್ರ ಬಿಳಿ ಬೂದು ತೇಪೆ. ಒಳಗೆ ಹೋಗುವವರು ಒಬ್ಬೊಬ್ಬರೂ ಒಂದೊಂದು ಮಾತು ಬಿಟ್ಟು ಹೋಗುತ್ತಾರೆ. ಬಾನೆಟ್ ಬೇರೆ ಪಾಳಿಯದಾ ಅಕ್ಕಾ ಎಂದು ಬೆಸುಗೆ ವಿಭಾಗದವನೊಬ್ಬ ಕೇಳುತ್ತಾನೆ. ಚನ್ನಕ್ಕ ಊಟದ ಡಬ್ಬಿ ಹಿಡಿದು ಗೋಡೆಗೆ ಒರಗಿ ನಿಂತಿದ್ದಾರೆ.

ಹನುಮಂತರಾಯಪ್ಪ ಬಂದು ಮೊದಲು ಬಾಗಿಲಿನ ಪಕ್ಕ ಬಗ್ಗಿ, ಬೆಳಕಿಗೆ ಓರೆಯಾಗಿ ಉದ್ದಕ್ಕೆ ನೋಡುತ್ತಾರೆ. ಮಾಡಿನ ಮೇಲೆ ಅಂಗೈ ಎಳೆಯುತ್ತಾರೆ. ಎಡಬಾಗಿಲಿನ ಇಳಿದ ಹನಿಯ ಮೇಲೆ ಬೆರಳಿಟ್ಟು, ಇಲ್ಲಿ ಕೈ ನಿಂತಿದೆ ಎನ್ನುತ್ತಾರೆ. ಚನ್ನಕ್ಕ ನಿಂತಿತ್ತು ಎಂದು ಒಪ್ಪುತ್ತಾರೆ. ಆಮೇಲೆ ಅವರು ಬಾನೆಟ್ಟಿನ ಮುಂದೆ ಬರುತ್ತಾರೆ.

"ಇದ್ಯಾಕ್ ಹಿಂಗ್ ಬಿಟ್ರಿ?"

"ಎಣ್ಣಿ ಇತ್ರಿ ಕೆಳಗ. ಕಣ್ಣು ಬಿಟ್ತು. ಉಜ್ಜಿ ತಗದೀನಿ, ಮತ್ತ ಪ್ರೈಮರ್‌ನಿಂದ ಮಾಡ್ಬೇಕು."

"ಮೇಲೊಂದ್ ಕೋಟ್ ಎಳ್ದಿದ್ರೆ ನಂಗೇ ಗೊತ್ತಾಗ್ತಿರ್ಲಿಲ್ಲ."

"ನನಗ ಗೊತ್ತಿತ್ತಲ್ರಿ."

ಹನುಮಂತರಾಯಪ್ಪ ಗಂಟೆ ಹೊಡೆಯಿತೆಂದು ಒಳಗೆ ನಡೆಯುತ್ತಾರೆ. ಚನ್ನಕ್ಕ ಕಾರ್ಡು ತೋರಿಸಿ ಉಜ್ಜುವ ವಿಭಾಗಕ್ಕೆ ಹೋಗುತ್ತಾರೆ. ಸೋಮವಾರವಿಡೀ ಯಾರೂ ಕರೆಯುವುದಿಲ್ಲ.

ನಂತರ ಕೇಳಿದಾಗ ಹನುಮಂತರಾಯಪ್ಪ ವಿವರಿಸುತ್ತಾರೆ: ಹಿಂದಿನ ತಿಂಗಳು ಗಿರಾಕಿಯೊಬ್ಬರಿಂದ ಒಂದು ಲಾರಿ ಪೆಟ್ಟಿಗೆಗಳು ವಾಪಸು ಬಂದವು, ಬಣ್ಣ ಸಿಪ್ಪೆಯಾಗಿ ಏಳುತ್ತಿತ್ತು. "ಹೊಡ್ದೋನು ಎಣ್ಣೆ ನೋಡಿದ್ದ. ನೋಡಿ ಮುಚ್ಚಿದ್ದ" ಎನ್ನುತ್ತಾರೆ. ಚನ್ನಕ್ಕನ ಬಗ್ಗೆ ಅವರ ಅಭಿಪ್ರಾಯ ಇನ್ನೂ ಪೂರ್ತಿ ಆಗಿಲ್ಲ. ಕೈ ಸಮವಿದೆ, ವೇಗ ಸಾಲದು; ಇಲ್ಲಿ ಕಾರಿನಂತೆ ಇಡೀ ಬೆಳಿಗ್ಗೆ ಸಿಗುವುದಿಲ್ಲ ಎನ್ನುತ್ತಾರೆ.

ಬೂತು ಸಿಗದಿದ್ದರೆ ಏನು ಮಾಡುತ್ತೀರಿ ಎಂಬ ಪ್ರಶ್ನೆಗೆ ಮಂಗಳವಾರ ಸಂಜೆ ಚನ್ನಕ್ಕ ಕೈ ತೊಳೆಯುತ್ತಲೇ ಉತ್ತರಿಸುತ್ತಾರೆ. "ಉಜ್ಜತೀನಿ. ಅದೇನ್ ಕೆಟ್ಟ ಕೆಲಸಲ್ಲ. ಆದ್ರ ಒಮ್ಮೆ ಮ್ಯಾಲಿನ ಕೆಲಸ ಮಾಡಿ ನೋಡಬೇಕಂತ ಐತಿ" ಎನ್ನುತ್ತಾರೆ.

ಬುಧವಾರ ಊಟದ ವಿರಾಮದ ನಂತರ ಅವರನ್ನು ಗನ್ ಹಿಡಿಯಲು ಬೂತಿಗೆ ಕರೆದರು. ಮೊದಲು ಹೊಡೆದ ಪೆಟ್ಟಿಗೆ ತಪಾಸಣೆಯಲ್ಲಿ ವಾಪಸು ಬಂತು. ಚನ್ನಕ್ಕ ಅದನ್ನು ಉಜ್ಜುವ ವಿಭಾಗಕ್ಕೆ ಕಳಿಸದೆ ತಾವೇ ಉಜ್ಜಿ, ಮತ್ತೆ ಹೊಡೆದರು. ಸಂಜೆಯ ಲಾರಿಯಲ್ಲಿ ಅದು ಹೋಯಿತು.